ಯೂರೋಪಾದ ಕಡಲು ಮತ್ತು ಗೆಲಿಲಿಯೊ ನೌಕೆಯ ಅಂತ್ಯ

1610ರಲ್ಲಿ ಗೆಲಿಲಿಯೊ ಕಂಡ ಗುರುಗ್ರಹದ ನಾಲ್ಕು ಉಪಗ್ರಹಗಳಲ್ಲಿ ಯೂರೋಪಾ ಒಂದು. 1979ರಲ್ಲಿ ವಾಯೇಜರ್ ನೌಕೆಗಳು ಕಳಿಸಿದ ಚಿತ್ರಗಳಲ್ಲಿ ಅದರ ಹಿಮದ ಮೇಲ್ಮೈ ತುಂಬ ಬಿರುಕುಗಳಿದ್ದವು, ಕುಳಿಗಳು ವಿರಳವಾಗಿದ್ದವು. ಒಳಗೆ ನೀರಿದೆಯೆ? ಗೆಲಿಲಿಯೊ ಹೆಸರಿನ ನೌಕೆ 1995ರಲ್ಲಿ ಗುರುವನ್ನು ತಲುಪಿತು. ಗುರುವಿನ ಕಾಂತಕ್ಷೇತ್ರ ಬದಲಾದಂತೆ ಯೂರೋಪಾದ ಪ್ರೇರಿತ ಕಾಂತಕ್ಷೇತ್ರವೂ ದಿಕ್ಕು ಬದಲಿಸುವುದನ್ನು 2000ದ ಜನವರಿಯಲ್ಲಿ ಅದರ ಕಾಂತಮಾಪಕ ದಾಖಲಿಸಿತು. ಹಿಮದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು, ಉಪ್ಪುನೀರಿನಲ್ಲಿ ಹರಿಯುತ್ತದೆ. ಹಿಮದಡಿ ಕಡಲಿದೆ ಎಂಬುದಕ್ಕೆ ಇದು ಪ್ರಬಲ ಸಾಕ್ಷ್ಯ. ಕಡಲಿದ್ದರೆ ಜೀವಿಗಳೂ ಇರಬಹುದು. ಇಂಧನ ಮುಗಿದ ನೌಕೆ ಮುಂದೆಂದಾದರೂ ಯೂರೋಪಾಕ್ಕೆ ಬಡಿದರೆ ಭೂಮಿಯ ಸೂಕ್ಷ್ಮಜೀವಿಗಳು ಅಲ್ಲಿಗೆ ಸೇರುವ ಅಪಾಯವಿತ್ತು. ಆದ್ದರಿಂದ 2003ರ ಸೆಪ್ಟೆಂಬರ್ 21ರಂದು ವಿಜ್ಞಾನಿಗಳು ಅದನ್ನು ಗುರುವಿನ ವಾಯುಮಂಡಲಕ್ಕೆ ನುಗ್ಗಿಸಿ ನಾಶಪಡಿಸಿದರು. ಕಡಲಿನ ಸುಳಿವು ಕೊಟ್ಟ ನೌಕೆಯನ್ನೇ ಆ ಕಡಲಿನ ರಕ್ಷಣೆಗಾಗಿ ಬಲಿಕೊಡಬೇಕಾಯಿತು.