ಕೋಡಂಗಲ್ಲಿನ ಸಮಾಧಿಗಳೂ ಪೇಟೆಯ ರುದ್ರಭೂಮಿಯೂ

ಮೂಡುಬಿದಿರೆಗೆ ಹೋದೋರು 1430ರ ಸಾವಿರ ಕಂಬದ ಬಸದಿ ನೋಡದ್ದೆ ಬತ್ತವಿಲ್ಲೆ. ಅಲ್ಲೇ ಹತ್ತರೆ ಕೋಡಂಗಲ್ಲಿಲಿ ಜೈನ ಗುರುಗಳ 18 ಸಮಾಧಿಗೊ ಇದ್ದು. ಮುರಕಲ್ಲಿಲಿ ಮೆಟ್ಲು ಮೆಟ್ಲಾಗಿ ಗೋಪುರದ ಹಾಂಗೆ ಕಟ್ಟಿದ್ದವು. ಹೋದೋರಿಂಗೆ ಹೇಳಿಯೇ ಮಡುಗಿದ ಜಾಗೆ ಅದು.

ಎಂಗಳಲ್ಲಿ ಸಮಾಧಿ ಕಟ್ಟುವ ಕ್ರಮ ಇಲ್ಲೆ. ತೋಟದ ಕರೆಲಿ ಮಾವಿನ ಮರ ಕಡುದು ಸುಡುಗು. ಒಂದು ಮಳೆಗಾಲ ಕಳುದರೆ ಅಲ್ಲಿ ಹುಲ್ಲು ಬಕ್ಕು. ಆದರೆ ಈಗ ಬಂಟ್ವಾಳ, ಬೆಳ್ತಂಗಡಿ ಪೇಟೆಲಿ ಐದು ಸೆಂಟ್ಸಿಲಿಯೋ ಫ್ಲಾಟಿಲಿಯೋ ಇಪ್ಪೋರಿಂಗೆ ತೋಟ ಎಲ್ಲಿದ್ದು? ಊರಿನ ರುದ್ರಭೂಮಿಯೇ ಗತಿ.

ಎನ್ನ ಚಿಕ್ಕಮ್ಮ ತೀರಿಹೋದ್ದು ಆಟಿ ತಿಂಗಳಿಲಿ. ಹೆಮ್ಮಕ್ಕೊ ಅಲ್ಲಿಗೆ ಹೋಪ ಕ್ರಮ ಇಲ್ಲೆನ್ನೆ, ಬಂದ ತಮ್ಮ° ಹೇಳಿದ°: “ಅಕ್ಕಾ, ಶೀಟು ಸೋರಿಗೊಂಡಿತ್ತು, ಸೌದಿ ಪೂರಾ ಚೆಂಡಿ. ಮೀವಲೆ ನೀರುದೆ ಇಲ್ಲೆ.” ಚಿಕ್ಕಮ್ಮ ಒಂದು ದಿನವೂ ಚೆಂಡಿ ಸೌದಿಯ ಒಲಗೆ ಮಡುಗಿದೋರಲ್ಲ.

ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಪೇಟೆಯ ಆಡಳಿತಕ್ಕೆ ಒಪ್ಪುಸುಲಕ್ಕಪ್ಪ 18 ಕೆಲಸಂಗಳ ಪಟ್ಟಿಲಿ ಶ್ಮಶಾನದ್ದುದೆ ಇದ್ದು. ಹಾಂಗಾಗಿ ಕೇಳುಲೆ ನಾಚಿಕೆ ಬೇಡ.

ಕೋಡಂಗಲ್ಲಿನ ಹಾಂಗಿಪ್ಪ ಗೋಪುರ ಆರೂ ಕೇಳ್ತವಿಲ್ಲೆ. ಸೋರದ್ದ ಮಾಡು, ಸೌದಿಗೊಂದು ಕೊಟ್ಟಗೆ, ಒಂದು ನಳ್ಳಿ. ಇಷ್ಟಕ್ಕೆ ಅರ್ಜಿ ಬರವಲೆ ಎಂಗೊಗೂ ಎಡಿಗು.