ಎದೆಹಾಲಿನ ಆಪಾದನೆ, ಜ್ವರದ ಸಾಕ್ಷ್ಯ

‘ಈ ಬ್ಯಾನಿ ಅಂಟತೈತೇನ್ರಿ?’ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಯಾವುದೇ ಮನೆಯಲ್ಲಿ ಸ್ತನ ಕ್ಯಾನ್ಸರ್ ಎಂಬ ಮಾತು ಬಿದ್ದರೆ ಏಳಬಹುದಾದ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು: ಅವಳ ಹಾಲು ಕುಡಿದ ಮಗಳ ಗತಿ ಏನು? ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೊರಟ ಕುಟುಂಬ ಈ ಅಳುಕನ್ನೂ ಗಂಟು ಕಟ್ಟಿಕೊಂಡೇ ಬಸ್ಸು ಹತ್ತುತ್ತದೆ. ಇದನ್ನು ಹಳ್ಳಿಗರ ಮೌಢ್ಯವೆಂದು ನಗುವವರು ಒಂದು ಸಂಗತಿ ಮರೆಯುತ್ತಾರೆ. ಇದೇ ಪ್ರಶ್ನೆಯ ಬೆನ್ನು ಹತ್ತಿ ವಿಜ್ಞಾನಿಗಳೂ ದಶಕಗಳನ್ನು ಕಳೆದಿದ್ದಾರೆ.

ಕೆಲವು ತಳಿಯ ಇಲಿಗಳಲ್ಲಿ ಸ್ತನ ಕ್ಯಾನ್ಸರ್ ಪೀಳಿಗೆಯಿಂದ ಪೀಳಿಗೆಗೆ ಬರುತ್ತಿತ್ತು. ಅಮೆರಿಕದ ಜಾನ್ ಬಿಟ್ನರ್ ಅಂಥ ಮರಿಗಳನ್ನು ಹುಟ್ಟಿದ ಕೂಡಲೇ ಎತ್ತಿ, ಈ ರೋಗ ಅಪರೂಪವಾದ ಬೇರೆ ತಳಿಯ ತಾಯಿಯ ಮಗ್ಗುಲಿಗೆ ಹಾಕಿದರು. ಸಾಕುತಾಯಿಯ ಹಾಲು ಕುಡಿದು ಬೆಳೆದ ಮರಿಗಳಲ್ಲಿ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು. 1936ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ದೋಷ ಹಾಲಿನಲ್ಲಿದೆ ಎಂಬುದಷ್ಟೇ ಗೊತ್ತಿತ್ತು. ಅದು ವೈರಸ್ ಎಂಬುದು ಆಮೇಲೆ ಖಚಿತವಾಯಿತು.

ಮುಂಬಯಿಯ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಕಮಲ್ ರಣದಿವೆ ಕೂಡ ಇಲಿಗಳ ಸ್ತನ ಕ್ಯಾನ್ಸರಿನ ಮೇಲೆ ವರ್ಷಗಟ್ಟಲೆ ದುಡಿದರು. 1971ರಲ್ಲಿ ಪಾರ್ಸಿ ಮಹಿಳೆಯರ ಎದೆಹಾಲಿನಲ್ಲೂ ಆ ವೈರಸ್ಸನ್ನು ಹೋಲುವ ಕಣಗಳು ಕಂಡವೆಂಬ ವರದಿ ಬಂದಾಗ ಜಗತ್ತೇ ಕಿವಿ ನೆಟ್ಟಗೆ ಮಾಡಿತು. ಆದರೆ ಮನುಷ್ಯರ ವಿಷಯದಲ್ಲಿ ಪುರಾವೆ ಗಟ್ಟಿಯಾಗಲಿಲ್ಲ. ರೋಗವಿದ್ದ ತಾಯಂದಿರ ಹಾಲು ಕುಡಿದ ಕಾರಣಕ್ಕೆ ಹೆಣ್ಣುಮಕ್ಕಳಲ್ಲಿ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ಕೆಲವು ಮನೆತನಗಳಲ್ಲಿ ರೋಗ ಮರುಕಳಿಸುವುದಕ್ಕೆ 1994-95ರಲ್ಲಿ ಪತ್ತೆಯಾದ ಬಿಆರ್‌ಸಿಎ ಜೀನುಗಳು ಬೇರೆಯದೇ ಉತ್ತರ ಕೊಟ್ಟವು. ಅಷ್ಟೇಕೆ, ಒಟ್ಟು 12 ತಿಂಗಳು ಹಾಲೂಡಿಸಿದರೆ ತಾಯಿಗಿರುವ ಅಪಾಯ ಶೇ 4.3ರಷ್ಟು ತಗ್ಗುತ್ತದೆಂದು 2002ರ ವಿಶ್ಲೇಷಣೆಯೊಂದು ಲೆಕ್ಕ ಹಾಕಿತು. ಆಪಾದನೆ ಹೊತ್ತಿದ್ದ ಹಾಲು ಕಾಯುವ ಪಕ್ಷದಲ್ಲಿತ್ತು!

ಅಲ್ಲಿಗೆ ವೈರಸ್ಸಿನ ಕಥೆ ಮುಗಿಯಿತೆಂದುಕೊಂಡರೆ, 2025ರಲ್ಲಿ ಅದು ಬೇರೆ ಬಾಗಿಲಿನಿಂದ ಒಳಬಂತು. ಈ ಸಲದ ಪ್ರಶ್ನೆ ಕ್ಯಾನ್ಸರ್ ಹುಟ್ಟುವುದರದಲ್ಲ, ಹಬ್ಬುವುದರದು. ಸ್ತನದಿಂದ ಜಾರಿದ ಕೆಲವು ಜೀವಕೋಶಗಳು ಶ್ವಾಸಕೋಶ ಸೇರಿ ವರ್ಷಾನುಗಟ್ಟಲೆ ಸುಮ್ಮನೆ ಮಲಗಿರಬಲ್ಲವು. ಬೂದಿ ಮುಚ್ಚಿದ ಕೆಂಡದ ಹಾಗೆ. ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಲಿಗಳಿಗೆ ಫ್ಲೂ ಅಥವಾ ಕೋವಿಡ್ ವೈರಸ್ ತಗುಲಿದಾಗ ಈ ಕೋಶಗಳು ಕೆಲವೇ ದಿನಗಳಲ್ಲಿ ಎಚ್ಚೆತ್ತು ಬೆಳೆಯತೊಡಗಿದವು. ವೈರಸ್ ಅವುಗಳನ್ನು ನೇರವಾಗಿ ಕೆಣಕುವುದಿಲ್ಲ. ಸೋಂಕಿನ ವಿರುದ್ಧ ದೇಹವೇ ಹೊರಡಿಸುವ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂಕೇತ ಕೆಂಡದ ಮೇಲಿನ ಬೂದಿ ಊದುತ್ತದೆ. ಆ ವಸ್ತು ತಯಾರಾಗದ ಇಲಿಗಳಲ್ಲಿ ಬೆಳವಣಿಗೆ ತೀರಾ ಕಡಿಮೆ.

ಇಲಿಯ ಮಾತನ್ನು ನಂಬಿ ಒಮ್ಮೆ ದಾರಿ ತಪ್ಪಿದ್ದುಂಟು. ಆದ್ದರಿಂದ ಈ ಬಾರಿ ಮನುಷ್ಯರ ದಾಖಲೆಗಳನ್ನೂ ತೆಗೆದು ನೋಡಿದರು. ಬ್ರಿಟನ್ನಿನಲ್ಲಿ, ವಿವಿಧ ಕ್ಯಾನ್ಸರ್‌ಗಳಿಂದ ಪಾರಾಗಿ ಕೋವಿಡ್ ತಗುಲಿಸಿಕೊಂಡವರು ಕ್ಯಾನ್ಸರಿನಿಂದ ಸಾಯುವ ಸಂಭವ, ಸೋಂಕಿಲ್ಲದವರಿಗಿಂತ ಸುಮಾರು ಎರಡು ಪಟ್ಟಿತ್ತು. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ರೋಗಿಗಳನ್ನೇ ನೋಡಿದಾಗ, ಕೋವಿಡ್ ಬಂದವರ ಶ್ವಾಸಕೋಶಕ್ಕೆ ರೋಗ ಹಬ್ಬುವ ಸಂಭವ ಶೇ 40ಕ್ಕೂ ಮಿಕ್ಕಿ ಹೆಚ್ಚಿತ್ತು. ಇವೆಲ್ಲ ಹೊಂದಾಣಿಕೆಯ ಲೆಕ್ಕಗಳು, ಕಾರಣವನ್ನು ಸಿದ್ಧಪಡಿಸುವಂಥವಲ್ಲ. ಮಾಮೂಲು ನೆಗಡಿಗೆ ಇವನ್ನು ಅನ್ವಯಿಸಿ ಹೆದರುವುದೂ ಸಲ್ಲ.

ಅಂಟುವ ಮಾತಿಗೆ ಉತ್ತರ ಹಳೆಯದೇ: ಸ್ತನ ಕ್ಯಾನ್ಸರ್ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಅಂಟುವುದು ಫ್ಲೂ. ಕುಷ್ಟಗಿಯಿಂದ ಹುಬ್ಬಳ್ಳಿಗೆ ಮರುತಪಾಸಣೆಗೆ ಹೋದ ಹೆಣ್ಣುಮಗಳನ್ನು ವೈದ್ಯರು ಇನ್ನು ಮುಂದೆ ಗಂಟಿನ ಜೊತೆಗೆ ಕಳೆದ ಮಳೆಗಾಲದ ಜ್ವರ, ಕೆಮ್ಮು, ಫ್ಲೂ ಲಸಿಕೆಗಳ ವಿಚಾರವನ್ನೂ ಕೇಳಬೇಕಾದೀತು.