ಪಾದಕ್ಕೆ 12 ದಿನದ ದಾರಿ

ನಮ್ಮ ಬೆನ್ನುಹುರಿಯಿಂದ ಪಾದಕ್ಕಿಳಿಯುವ ನರತಂತು ಸುಮಾರು ಒಂದು ಮೀಟರ್ ಉದ್ದ. ಅದರ ತುದಿಗೆ ಬೇಕಾದ ಸರಕು ಬಹುಪಾಲು ತಯಾರಾಗುವುದು ಬೆನ್ನುಹುರಿಯಲ್ಲಿರುವ ಕೋಶಕಾಯದಲ್ಲಿ. ಅದನ್ನು ಹೊರುವವರು ಯಾರು? ಈ ಪ್ರಶ್ನೆಯ ಬೆನ್ನುಹತ್ತಿ ನಾನು ತಲುಪಿದ್ದು 1980ರ ದಶಕದ ಅಮೆರಿಕದ ಕಡಲೂರು ವುಡ್ಸ್ ಹೋಲ್‌ಗೆ.

ಅಲ್ಲಿ ಸ್ಕ್ವಿಡ್ ಸಿಗುತ್ತಿತ್ತು. ಅದರ ದೈತ್ಯ ನರತಂತುವಿನ ರಸವನ್ನು ಟೂತ್‌ಪೇಸ್ಟಿನಂತೆ ಹಿಂಡಿ ತೆಗೆಯಬಹುದು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ರೊನಾಲ್ಡ್ ವೇಲ್ ಮತ್ತು ಮೈಕೆಲ್ ಶೀಟ್ಜ್, ಸ್ನಾಯುವನ್ನು ಎಳೆಯುವ ಮಯೋಸಿನ್ನೇ ಇಲ್ಲೂ ದುಡಿಯುತ್ತಿರಬೇಕೆಂದು ಊಹಿಸಿದ್ದರು. ಊಹೆ ತಪ್ಪಾಯಿತು. ಸರಕು ಸಾಗುತ್ತಿದ್ದುದು ಮೈಕ್ರೊಟ್ಯೂಬ್ಯೂಲ್ ಎಂಬ ಸೂಕ್ಷ್ಮ ಕೊಳವೆಗಳ ಮೇಲೆ. 1985ರಲ್ಲಿ ಥಾಮಸ್ ರೀಸ್ ಜೊತೆಗೂಡಿ ಅವರು ಹೊಸ ಪ್ರೊಟೀನೊಂದನ್ನು ಬೇರ್ಪಡಿಸಿ ‘ಕೈನೆಸಿನ್’ ಎಂದು ಹೆಸರಿಟ್ಟರು.

ಕೈನೆಸಿನ್‌ಗೆ ಎರಡು ಪಾದಗಳಿವೆ ಎನ್ನಬಹುದು. ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚಾದರೆ 8 ನ್ಯಾನೊಮೀಟರಿನ ಒಂದು ಹೆಜ್ಜೆ. ಸುತ್ತಲ ನೀರಿನ ಅಣುಗಳು ಅದನ್ನು ಸದಾ ತಳ್ಳಾಡುತ್ತವೆ. ಆ ನೂಕುನುಗ್ಗಲಲ್ಲೇ ಓಲಾಡುವ ಹಿಂದಿನ ಪಾದ, ಮುಂದಿನ ನೆಲೆ ಸಿಕ್ಕೊಡನೆ ಕಚ್ಚಿಕೊಳ್ಳುತ್ತದೆ. ಹಾಗೆ ಓಲಾಡುವಾಗ ಹಿಂದಕ್ಕೆ ಜಾರದಂತೆ ಕಾಯುವುದು ಎಟಿಪಿಯ ಕೆಲಸ.

ಪ್ರಯೋಗಾಲಯದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು ಒಂದು ಮೈಕ್ರೊಮೀಟರ್. ನಾನು ಲೆಕ್ಕ ಹಾಕಿದೆ: ಪಾದ ಮುಟ್ಟಲು ಹತ್ತಿರಹತ್ತಿರ 12 ದಿನ. ಒಂದೇ ಕೈನೆಸಿನ್ ಅಷ್ಟು ದೂರ ನಡೆಯದು. ಒಂದು ಕಳಚಿಕೊಂಡರೆ ಇನ್ನೊಂದು ಹಿಡಿಯುತ್ತದೆ. ಈ ಹಮಾಲರ ಪೈಕಿ ಒಂದು ಬಗೆಯನ್ನು ರೂಪಿಸುವ ಕೆಐಎಫ್5ಎ ಜೀನ್ ಕೆಟ್ಟರೆ, ಕೆಲವರ ಕಾಲುಗಳು ಬಿಗಿದು ನಡಿಗೆಯೇ ಕಷ್ಟವಾಗುತ್ತದೆ. ನಾವು ನಡೆಯಬೇಕಾದರೆ ಮೊದಲು ಅವು ನಡೆಯಬೇಕು.